ಒಂದೂವರೆ ತಿಂಗಳ ಇಂಜೆಕ್ಷನ್‌ವರೆಗೆ ಕಾಯಬೇಡಿ: ಹಾಸನ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ಹಾಸನ

ಪ್ರತಿ: ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಉಪನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ

ವಿಷಯ: ನವಜಾತ ಶಿಶುವಿನ ಕಿವಿ ಪರೀಕ್ಷೆಯ ಬೆನ್ನಿಗೇ, 21 ದಿನದೊಳಗೆ, ಸಿಎಂವಿ (ಸೈಟೊಮೆಗಲೊ ವೈರಸ್) ಪರೀಕ್ಷೆ ಮುಗಿಸುವ ಬಗ್ಗೆ

ಮಾನ್ಯರೇ,

ಹೆರಿಗೆಯಾದ ಎರಡನೇ ದಿನ ಮಗುವಿನ ಕಿವಿಗೆ ಓಎಇ ಯಂತ್ರದ, ಅಂದರೆ ಶಬ್ದಕ್ಕೆ ಒಳಗಿವಿ ಕೊಡುವ ಮರುದನಿಯನ್ನು ಅಳೆಯುವ ಯಂತ್ರದ, ತುದಿ ಇಟ್ಟು ನೋಡುತ್ತಾರೆ. ಪರದೆಯ ಮೇಲೆ ‘ರೆಫರ್’ ಎಂದು ಬರುತ್ತದೆ, ಅಂದರೆ ಪಾಸಾಗಿಲ್ಲ, ಮತ್ತೆ ನೋಡಬೇಕು. ‘ಕಿವಿಯಲ್ಲಿ ಇನ್ನೂ ಕೊಳೆ ಇರಬಹುದಮ್ಮ, ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಬರ್ತೀರಲ್ಲ, ಆಗ ಇನ್ನೊಂದ್ಸಲ ನೋಡೋಣ’ ಎಂದು ಬಾಣಂತಿಯನ್ನು ಕಳಿಸುತ್ತಾರೆ. ಈ ಮಾತಿನಲ್ಲಿ ಸುಳ್ಳೇನಿಲ್ಲ. ಮೊದಲ ಒಂದೆರಡು ದಿನ ಕಿವಿಯ ನಾಳದಲ್ಲಿ ಬಿಳಿ ಮೇಣದಂಥ ಪದರ, ನೀರು ಉಳಿದಿರುವುದು ನಿಜ. ‘ರೆಫರ್’ ಬಂದ ಹೆಚ್ಚಿನ ಮಕ್ಕಳು ಎರಡನೇ ಸಲ ಪಾಸಾಗುವುದೂ ನಿಜ. ನಮ್ಮ ತಕರಾರು ಇರುವುದು ಆ ‘ಒಂದೂವರೆ ತಿಂಗಳು’ ಎಂಬ ವಾಯಿದೆಯ ಬಗ್ಗೆ.

ಮಕ್ಕಳ ಕಿವುಡಿಗೆ ವಂಶವಾಹಿ ಕಾರಣಗಳನ್ನು ಬಿಟ್ಟರೆ ಜಗತ್ತಿನಲ್ಲೇ ಮೊದಲ ಕಾರಣ, ಗರ್ಭದಲ್ಲಿ ತಗುಲುವ ಸೈಟೊಮೆಗಲೊ ವೈರಸ್, ಅಂದರೆ ಸಿಎಂವಿ. ಅದನ್ನು ಖಚಿತವಾಗಿ ಹಿಡಿಯಬೇಕಾದರೆ ಹುಟ್ಟಿದ 21 ದಿನದೊಳಗೆ ತೆಗೆದ ಜೊಲ್ಲು ಅಥವಾ ಮೂತ್ರದ ಮಾದರಿ ಬೇಕು. 45ನೇ ದಿನ ತೆಗೆದ ಮಾದರಿಯಲ್ಲಿ ವೈರಸ್ ಸಿಕ್ಕರೆ ಅದು ಗರ್ಭದಲ್ಲಿ ಬಂದದ್ದೋ, ಹೆರಿಗೆಯ ದಾರಿಯಲ್ಲಿ ಅಂಟಿದ್ದೋ, ಎದೆಹಾಲಿನಿಂದ ಬಂದದ್ದೋ ಹೇಳುವುದು ಸಾಧ್ಯವಿಲ್ಲ. ಹುಟ್ಟುವಾಗಲೋ ಹುಟ್ಟಿದ ಮೇಲೋ ಒಳಹೊಕ್ಕ ವೈರಸ್ ಬೆಳೆದು ಮೂತ್ರದಲ್ಲಿ ಕಾಣಿಸಿಕೊಳ್ಳಲು ಮೂರು ವಾರವಾದರೂ ಬೇಕು. ಅದಕ್ಕೆ ಮೊದಲೇ ಕಂಡರೆ ಅದು ಮಗುವಿನ ಜೊತೆಗೇ ಬಂದದ್ದು ಎಂದು ಅರ್ಥ. 21 ದಿನದ ಗಡಿಯ ಹಿಂದಿರುವ ತರ್ಕ ಇಷ್ಟೇ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಹಾಲಿನಿಂದ ಬರುವ ಸೋಂಕು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಗರ್ಭದಲ್ಲಿ ಬಂದದ್ದು ಕಿವಿ, ಮಿದುಳು, ಕಣ್ಣನ್ನು ಕೆಡಿಸಬಹುದು. ಎರಡನ್ನೂ ಬೇರೆ ಮಾಡಿ ನೋಡುವ ಅವಕಾಶ ಆ ಮೂರು ವಾರ ಮಾತ್ರ.

ಈ ಜಿಲ್ಲೆಯಲ್ಲಿ ಮಕ್ಕಳ ವಾರ್ಡು, ಕಿವಿ ಪರೀಕ್ಷೆ, ಮಾತಿನ ತರಬೇತಿ ನೋಡಿಕೊಳ್ಳುವ ನಾವು ಈ ಪತ್ರ ಬರೆಯುತ್ತಿರುವುದು ಹೊಸ ಯೋಜನೆ, ಹೊಸ ಕಟ್ಟಡ ಕೇಳಲು ಅಲ್ಲ. ಈಗಾಗಲೇ ಇರುವ ಕೆಲಸಗಳ ತಾರೀಕು ಸ್ವಲ್ಪ ಬೇಗ ಬರುವಂತೆ ಮಾಡಲು.

ಮೊದಲು, ನಮ್ಮಲ್ಲಿ ಇದು ಅಪರೂಪದ ಕಾಯಿಲೆ ಎಂಬ ನಂಬಿಕೆಯ ವಿಚಾರ. ಭಾರತದಲ್ಲಿ ಹೆರಿಗೆ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ ಸಿಎಂವಿ ಯಾವಾಗಲೋ ಬಂದು, ನೆಗಡಿ ಜ್ವರದಂತೆ ಹೋಗಿರುತ್ತದೆ. ಹಾಗಾಗಿ ‘ಎಲ್ಲರಿಗೂ ರೋಗನಿರೋಧಕ ಶಕ್ತಿ ಇದೆ, ಮಗುವಿಗೆ ತೊಂದರೆಯಿಲ್ಲ’ ಎಂದು ವೈದ್ಯರೇ ಹೇಳುವುದುಂಟು. ಲೆಕ್ಕ ಹಾಗೆ ನಡೆಯುವುದಿಲ್ಲ. ಈ ವೈರಸ್ ಬಂದ ಮೇಲೆ ಮೈಯಲ್ಲೇ ಅಡಗಿ ಕೂರುತ್ತದೆ, ಗರ್ಭಿಣಿಯಲ್ಲಿ ಮತ್ತೆ ಏಳಬಹುದು; ಬೇರೊಂದು ತಳಿ ಹೊಸದಾಗಿಯೂ ತಗುಲಬಹುದು. ಗರ್ಭಿಣಿಗೆ ಮೊದಲ ಬಾರಿ ಸೋಂಕಾದರೆ ಮಗುವಿಗೆ ದಾಟುವ ಸಂಭವ ನೂರಕ್ಕೆ 30–40. ಹಳೆಯ ಸೋಂಕು ಮರುಕಳಿಸಿದರೆ ನೂರಕ್ಕೆ ಒಂದರ ಆಸುಪಾಸು. ಆದರೆ ಆ ಒಂದನ್ನು ಊರಿನ ಬಹುಪಾಲು ಗರ್ಭಿಣಿಯರಿಗೆ ಹರಡಿ ಲೆಕ್ಕ ಹಾಕಿ. ಶ್ರೀಮಂತ ದೇಶಗಳಲ್ಲಿ ಸುಮಾರು ಇನ್ನೂರು ಹೆರಿಗೆಗೆ ಒಂದು ಮಗು ಈ ಸೋಂಕಿನೊಂದಿಗೆ ಹುಟ್ಟಿದರೆ, ನಮ್ಮಂಥ ದೇಶಗಳ ಅಂದಾಜು ನೂರಕ್ಕೆ ಒಂದನ್ನು ದಾಟುತ್ತದೆ. ಸೋಂಕು ಮರುಕಳಿಸಿ ಬಂದದ್ದಾದರೂ ಮಗುವಿನ ಕಿವಿಗೆ ರಿಯಾಯಿತಿ ಸಿಗುವುದಿಲ್ಲ.

ಸಾವಿರ ಹೆರಿಗೆಗೆ ಹತ್ತು ಮಕ್ಕಳು ಎಂದು ಹಿಡಿಯೋಣ. ಹುಟ್ಟುವಾಗಲೇ ಲಕ್ಷಣ ಕಾಣುವುದು ಹತ್ತರಲ್ಲಿ ಒಂದರಲ್ಲಿ. ಆ ಮಗುವಿಗೆ ಬೆಳವಣಿಗೆಯ ತೊಂದರೆ ಉಳಿಯುವ ಸಂಭವ ಸರಿಸುಮಾರು ಅರ್ಧಕ್ಕರ್ಧ. ಉಳಿದ ಒಂಬತ್ತು ಮಕ್ಕಳು ನೋಡಲು ಎಲ್ಲರಂತೆ ಗುಂಡುಗುಂಡಗೆ ಇರುತ್ತವೆ, ಹಾಲು ಕುಡಿಯುತ್ತವೆ, ತೂಕ ಹಾಕುತ್ತವೆ. ಅವುಗಳಲ್ಲಿ ಒಂದರ ಕಿವಿ ಮುಂದಿನ ಐದಾರು ವರ್ಷಗಳಲ್ಲಿ ಮೆಲ್ಲಗೆ ಮಂದವಾಗುತ್ತದೆ. ಹುಟ್ಟಿದಾಗಿನ ಕಿವಿ ಪರೀಕ್ಷೆಯಲ್ಲಿ ಪಾಸಾದ ಮಗು ಎರಡು ವರ್ಷಕ್ಕೆ ‘ಮಾತು ತಡ’ ಎಂದು ಬಂದು ನಿಲ್ಲುವುದು ಹೀಗೆ. ಮನೆಯವರು ‘ಅವರಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ’ ಎಂದು ಇನ್ನೊಂದು ವರ್ಷ ಕಳೆಯುತ್ತಾರೆ.

ಇನ್ನೊಂದು ಅಡ್ಡಿ ನಮ್ಮ ವೃತ್ತಿಯವರದೇ. ಕೇಳದ ಮಗು ಬಂದರೆ ಮೊದಲ ಪ್ರಶ್ನೆ ‘ಸಂಬಂಧದಲ್ಲಿ ಮದುವೆಯಾ?’ ಹೌದು ಎಂದರೆ ಅಲ್ಲಿಗೆ ತನಿಖೆ ಮುಗಿಯಿತು. ಸೋದರ ಸಂಬಂಧದ ಮದುವೆಯಿಂದ ಬರುವ ಕಿವುಡು ನಮ್ಮ ಕಡೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅಕ್ಕನ ಮಗಳನ್ನು ಕಟ್ಟಿಕೊಂಡವನ ಮಗುವಿಗೆ ಸಿಎಂವಿ ಬರಬಾರದು ಎಂಬ ನಿಯಮವೇನೂ ಇಲ್ಲ. ವಂಶವಾಹಿಯ ಕಿವುಡಿಗೆ ಬಹುಮಟ್ಟಿಗೆ ಔಷಧವಿಲ್ಲ, ಸಿಎಂವಿಗೆ ಇದೆ. ಹಾಗಾಗಿ ಈ ಎರಡನ್ನೂ ಕಲಸುವುದು ಮಗುವಿಗೆ ದುಬಾರಿ. ಗ್ರಹಣದ ದಿನ ಹೊರಗೆ ಬಂದಳೆಂದು ಸೊಸೆಯನ್ನು ದೂರುವ ಮನೆಗಳಿಗಂತೂ ಪರೀಕ್ಷೆಯ ಒಂದು ಚೀಟಿ ಎಷ್ಟೋ ಜಗಳ ತಪ್ಪಿಸುತ್ತದೆ.

ಯಾವ ಮಕ್ಕಳಿಗೆ ಪರೀಕ್ಷೆ? ಹುಟ್ಟಿದ ಎಲ್ಲರಿಗೂ ಮಾಡಿ ಎಂದು ನಾವು ಕೇಳುತ್ತಿಲ್ಲ. ಕೆನಡಾದ ಒಂಟಾರಿಯೊ 2019ರಲ್ಲಿ, ಅಮೆರಿಕದ ಮಿನ್ನೆಸೊಟಾ 2023ರಲ್ಲಿ ಅದನ್ನು ಆರಂಭಿಸಿದವು. ಅಲ್ಲಿ ಪ್ರತಿ ಮಗುವಿನ ಹಿಮ್ಮಡಿ ಚುಚ್ಚಿ ರಕ್ತದ ಚುಕ್ಕೆ ತೆಗೆದು ಪರೀಕ್ಷಿಸುವ ಏರ್ಪಾಡು ಮೊದಲೇ ಇತ್ತು. ನಮಗೆ ಹೊಂದುವುದು ಯೂಟಾ ರಾಜ್ಯ 2013ರಲ್ಲೇ ಕಾನೂನು ಮಾಡಿ ಹಿಡಿದ ದಾರಿ: ಕಿವಿ ಪರೀಕ್ಷೆಯಲ್ಲಿ ಪಾಸಾಗದ ಮಗುವಿಗೆ ಮೂರು ವಾರದೊಳಗೆ ಸಿಎಂವಿ ಪರೀಕ್ಷೆ. ಅದರ ಜೊತೆಗೆ ಹುಟ್ಟಿನಲ್ಲೇ ಅನುಮಾನ ಹುಟ್ಟಿಸುವ ಮಕ್ಕಳೂ ಸೇರಬೇಕು. ತಿಂಗಳು ತುಂಬಿಯೂ ತೂಕ ತೀರಾ ಕಡಿಮೆ ಇರುವುದು, ಮೈಮೇಲೆ ಒತ್ತಿದರೂ ಮಾಯವಾಗದ ಕೆಂಪು–ನೇರಳೆ ಚುಕ್ಕೆಗಳು, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ, ಲಿವರ್–ಗುಲ್ಮ ದೊಡ್ಡದಾಗಿರುವುದು, ಕಾರಣ ತಿಳಿಯದ ಫಿಟ್ಸ್, ಸ್ಕ್ಯಾನಿನಲ್ಲಿ ಮಿದುಳಿನ ಕುಹರಗಳ ಸುತ್ತ ಸುಣ್ಣದ ಚುಕ್ಕೆಗಳು.

ಇವುಗಳ ಜೊತೆಗೆ ಇನ್ನೆರಡು ಲಕ್ಷಣಗಳಿವೆ, ಅವು ಕೈತಪ್ಪಿ ಹೋಗುವುದು ಹೆಚ್ಚು. ಒಂದು ಕಾಮಾಲೆ. ಮಗು ಹಳದಿಯಾಯಿತೆಂದು ನೀಲಿ ದೀಪದಡಿ ಮಲಗಿಸುತ್ತಾರೆ, ರಕ್ತದಲ್ಲಿರುವ ಹಳದಿ ಅಂಶವಾದ ಬಿಲಿರುಬಿನ್ ಒಟ್ಟು ಎಷ್ಟಿದೆ ನೋಡುತ್ತಾರೆ, ಇಳಿಯಿತೆಂದು ಮನೆಗೆ ಕಳಿಸುತ್ತಾರೆ. ನೋಡಬೇಕಾದದ್ದು ಅದರಲ್ಲಿ ಒಂದು ಭಾಗವಾದ ಡೈರೆಕ್ಟ್ ಬಿಲಿರುಬಿನ್. ಅದು ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಿದ್ದರೆ ಅದು ಸಾಮಾನ್ಯ ಕಾಮಾಲೆಯಲ್ಲ. ಇನ್ನೊಂದು ತಲೆ ಸುತ್ತಳತೆ. ಟೇಪು ಹುಬ್ಬಿನ ಮೇಲಿಂದ ಹೊರಟು ಹಿಂದಲೆಯ ಅತಿ ಉಬ್ಬಿದ ಜಾಗದ ಮೇಲೆ ಹಾದು ಬರಬೇಕು. ಮೂರು ಸಲ ಅಳೆದು ದೊಡ್ಡ ಅಂಕಿಯನ್ನು ಬರೆಯಬೇಕು. ಹೆರಿಗೆಯಲ್ಲಿ ತಲೆ ಒತ್ತಿ ಉದ್ದವಾಗಿದ್ದರೆ ಡಿಸ್ಚಾರ್ಜಿನ ದಿನ ಮತ್ತೊಮ್ಮೆ. ತಿಂಗಳು ತುಂಬಿದ ಮಗುವಿನಲ್ಲಿ 32 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಪಟ್ಟಿಗೆ ಹೆಸರು ಹಾಕಿ. ಬಟ್ಟೆ ಅಂಗಡಿಯ ಎಳೆದು ಸಡಿಲವಾದ ಟೇಪು ಇದಕ್ಕೆ ಬೇಡ; ಒಂದು ಸೆಂಟಿಮೀಟರು ಹೆಚ್ಚುಕಮ್ಮಿಯಾದರೂ ಮಗು ಪಟ್ಟಿಯಿಂದ ಜಾರಿಹೋಗುತ್ತದೆ.

ಓಎಇ ಬಗ್ಗೆಯೂ ಎರಡು ಮಾತು, ಏಕೆಂದರೆ ಇಡೀ ಏರ್ಪಾಡು ಅದರ ಮೇಲೆ ನಿಂತಿದೆ. 24 ಗಂಟೆಗೆ ಮೊದಲು ಮಾಡಿದರೆ ಸುಳ್ಳು ‘ರೆಫರ್’ಗಳ ರಾಶಿ ಬೀಳುತ್ತದೆ, ಸಿಬ್ಬಂದಿಗೆ ಪರೀಕ್ಷೆಯ ಮೇಲೇ ನಂಬಿಕೆ ಹೋಗುತ್ತದೆ. ಡಿಸ್ಚಾರ್ಜಿಗೆ ಸ್ವಲ್ಪ ಮೊದಲು, ಹಾಲು ಕುಡಿಸಿ, ಬಟ್ಟೆ ಸುತ್ತಿ ಮಲಗಿಸಿದ ಮೇಲೆ ಮಾಡಬೇಕು. ವಾರ್ಡಿನ ಮಧ್ಯದಲ್ಲಿ, ನೆಂಟರ ಮಾತು, ಫ್ಯಾನಿನ ಸದ್ದು, ಪಕ್ಕದ ಮಗುವಿನ ಅಳುವಿನ ನಡುವೆ ಇದು ನಡೆಯುವ ಪರೀಕ್ಷೆಯಲ್ಲ; ಬಾಗಿಲು ಮುಚ್ಚುವ ಒಂದು ಚಿಕ್ಕ ಕೋಣೆ ಸಾಕು. ತುದಿಯ ರಬ್ಬರು ಕಿವಿಯ ಅಳತೆಗೆ ಸರಿಯಾಗಿ ಕೂರದಿದ್ದರೆ ಒಳ್ಳೆಯ ಕಿವಿಯೂ ಫೇಲಾಗುತ್ತದೆ. ಎಡ–ಬಲ ಬೇರೆಬೇರೆ ಬರೆಯಿರಿ. ‘ಒಂದು ಕಿವಿ ಪಾಸಾಗಿದೆಯಲ್ಲ’ ಎಂದು ಬಿಡುವುದು ಸಿಎಂವಿಯ ವಿಷಯದಲ್ಲಿ ದೊಡ್ಡ ತಪ್ಪು. ಈ ವೈರಸ್ ಒಂದೇ ಕಿವಿಯಲ್ಲಿ ಶುರು ಮಾಡುವುದು ಮಾಮೂಲು. ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಐದು ದಿನಕ್ಕಿಂತ ಹೆಚ್ಚು ಇದ್ದ ಮಕ್ಕಳಿಗೆ ಓಎಇ ಒಂದೇ ಸಾಲದು, ಶಬ್ದಕ್ಕೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುವುದನ್ನು ನೋಡುವ ಬೆರಾ ಪರೀಕ್ಷೆಯೂ ಬೇಕು.

ಈಗ ಮಾದರಿ ತೆಗೆಯುವ ಕೆಲಸ. ಇದಕ್ಕೆ ತಜ್ಞರು ಬೇಡ, ಹೆರಿಗೆ ವಾರ್ಡಿನ ನರ್ಸಕ್ಕ ಸಾಕು. ಮಗು ಹಾಲು ಕುಡಿದು ಒಂದು ಗಂಟೆಯಾದರೂ ಆಗಿರಬೇಕು. ಮುಂದಿನ ಹಾಲಿಗೆ ತುಸು ಮೊದಲು ತೆಗೆದರೆ ಇನ್ನೂ ವಾಸಿ. ಕಾರಣವಿದೆ: ತಾಯಿಯ ಹಾಲಿನಲ್ಲಿ ಅವಳ ಹಳೆಯ ವೈರಸ್ ಇರಬಹುದು, ಅದು ಬಾಯಲ್ಲಿ ಉಳಿದಿದ್ದರೆ ಸೋಂಕಿಲ್ಲದ ಮಗುವೂ ಪಾಸಿಟಿವ್ ಎಂದು ತೋರಿಸುತ್ತದೆ. ಕೋವಿಡ್ ಕಾಲದ ಹಾಗೆ ಗಂಟಲಿಗೋ ಮೂಗಿಗೋ ಹಾಕುವುದಲ್ಲ. ಕೆನ್ನೆಯ ಒಳಗೋಡೆ ಮತ್ತು ವಸಡಿನ ನಡುವೆ ಸ್ವಾಬ್ ಇಟ್ಟು, ಜೊಲ್ಲಿನಲ್ಲಿ ಚೆನ್ನಾಗಿ ನೆನೆಯುವವರೆಗೆ, ಅರ್ಧದಿಂದ ಒಂದು ನಿಮಿಷ ಮೆಲ್ಲಗೆ ತಿರುಗಿಸಬೇಕು. ಸ್ವಾಬಿನ ಕಡ್ಡಿ ಪ್ಲಾಸ್ಟಿಕ್‌ದಾಗಿರಲಿ. ಮರದ ಕಡ್ಡಿಯಲ್ಲಿರುವ ಅಂಶಗಳು ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಅಡ್ಡಿ ಮಾಡುತ್ತವೆ. ಟ್ಯೂಬಿನ ಮೇಲೆ ತಾಯಿಯ ಹೆಸರು, ತಾಯಿ ಕಾರ್ಡಿನ ನಂಬರು, ಮಗು ಹುಟ್ಟಿದ ತಾರೀಕು, ಮಾದರಿ ತೆಗೆದ ತಾರೀಕು. ಹುಟ್ಟಿದ ತಾರೀಕು ಇಲ್ಲದ ಮಾದರಿಯ ವರದಿಗೆ ಅರ್ಥವೇ ಇಲ್ಲ. ಅವಳಿಗಳಾದರೆ ‘ಒಂದು’, ‘ಎರಡು’ ಎಂದು ಆಗಲೇ ಬರೆಯಿರಿ, ಮತ್ತೆ ಬರೆಯೋಣ ಎಂದರೆ ಅದಲುಬದಲಾಗುವುದು ಖಂಡಿತ. ಅವಳಿಗಳಲ್ಲಿ ಒಂದಕ್ಕೆ ಸೋಂಕಿದ್ದು ಇನ್ನೊಂದಕ್ಕೆ ಇಲ್ಲದಿರುವುದು ಉಂಟು.

ಜೊಲ್ಲಿನ ಪರೀಕ್ಷೆ ನೆಗೆಟಿವ್ ಬಂದರೆ ಅಲ್ಲಿಗೆ ಮುಗಿಯಿತು. ಪಾಸಿಟಿವ್ ಬಂದರೆ ಮೂತ್ರದಲ್ಲಿ ಖಚಿತಪಡಿಸಿಕೊಳ್ಳಬೇಕು, ಅದೂ 21 ದಿನದೊಳಗೇ. ಅಂಟಿಸುವ ಮೂತ್ರಚೀಲದಲ್ಲಿ ಒಂದೆರಡು ಮಿಲಿ ಸಿಕ್ಕರೂ ಸಾಕು. ಎಣ್ಣೆ ಹಚ್ಚಿ ನೀರೆರೆದ ಮೈಗೆ ಚೀಲ ಅಂಟುವುದಿಲ್ಲ; ಬಾಣಂತಿ ಮನೆಯ ಅಜ್ಜಿಗೆ ‘ಆವತ್ತೊಂದು ದಿನ ಎಣ್ಣೆ ಬೇಡ’ ಎಂದು ಮೊದಲೇ ಹೇಳಿಡಬೇಕು. ಮಾದರಿಯನ್ನು 2–8 ಡಿಗ್ರಿಯಲ್ಲಿ, ಅಂದರೆ ಲಸಿಕೆಯ ಐಸ್ ಪ್ಯಾಕಿನ ಜೊತೆ, ಜಿಲ್ಲಾ ಕೇಂದ್ರಕ್ಕೆ ಕಳಿಸಬಹುದು. ಲಸಿಕೆ ಇರುವ ಪೆಟ್ಟಿಗೆಯಲ್ಲೇ ತುರುಕುವುದು ಮಾತ್ರ ಬೇಡ, ಬೇರೆ ಪೆಟ್ಟಿಗೆ.

ಪ್ರಯೋಗಾಲಯ ಎಲ್ಲಿದೆ ಎಂದು ತಾವು ಕೇಳಬಹುದು. ಕೋವಿಡ್ ಬಂದಾಗ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಆರ್‌ಟಿ–ಪಿಸಿಆರ್ ನಡೆಯಿತು. ಸಿಎಂವಿ ಡಿಎನ್‌ಎ ವೈರಸ್; ಅದೇ ಬಗೆಯ ಯಂತ್ರದಲ್ಲಿ, ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸುವ ಹಂತವಿಲ್ಲದೆ ಪರೀಕ್ಷೆ ಆಗುತ್ತದೆ. ಬೇಕಾದದ್ದು ಬೇರೆ ಕಿಟ್ಟು, ತಂತ್ರಜ್ಞರಿಗೆ ಸ್ವಲ್ಪ ತರಬೇತಿ, ಮತ್ತು ವಾರಕ್ಕೆ ಎರಡು ನಿಗದಿ ದಿನ. ವಾರಕ್ಕೆರಡು ಎಂದು ಒತ್ತಿ ಹೇಳಲು ಕಾರಣ ಇದು. ಎರಡನೇ ದಿನ ಸ್ವಾಬ್, ಏಳನೇ ದಿನದೊಳಗೆ ವರದಿ, ಪಾಸಿಟಿವ್ ಆದರೆ ಹತ್ತರಿಂದ ಹದಿನಾಲ್ಕನೇ ದಿನದೊಳಗೆ ಮೂತ್ರ, 21ಕ್ಕೆ ಮೊದಲು ಮಕ್ಕಳ ವೈದ್ಯರ ಮುಂದೆ ಮಗು. ‘ಮಾದರಿ ಇಪ್ಪತ್ತಾದ ಮೇಲೆ ಒಟ್ಟಿಗೆ ಹಾಕೋಣ’ ಎಂದು ಕೂಡಿಟ್ಟರೆ ಮೊದಲ ಸ್ವಾಬಿನ ವರದಿ ಬರುವಷ್ಟರಲ್ಲಿ ಮೂತ್ರದ ಗಡುವು ಮುಗಿದಿರುತ್ತದೆ.

ಮನೆಗೆ ಹೋದ ಮಗುವನ್ನು ಹಿಡಿಯುವುದು ಹೇಗೆ? ಇದಕ್ಕೆ ಉತ್ತರ ತಮ್ಮ ಇಲಾಖೆಯಲ್ಲೇ ಇದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಹೋಗಬೇಕೆಂಬುದು ಈಗಿರುವ ನಿಯಮ. ಮೊದಲ ಮೂರು ಭೇಟಿ ಗಡುವಿನೊಳಗೇ ಬೀಳುತ್ತವೆ. ಮೂರನೇ ದಿನದ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ಕಿವಿ ಪರೀಕ್ಷೆ ಆಯ್ತಾ, ಎರಡೂ ಕಿವಿ ಪಾಸಾ, ಇಲ್ಲದಿದ್ದರೆ ಬಾಯಿಯ ಮಾದರಿ ತೆಗೆದರಾ?’ ತೆಗೆದಿಲ್ಲವೆಂದರೆ ಏಳನೇ ದಿನದೊಳಗೆ ಹತ್ತಿರದ ಆಸ್ಪತ್ರೆ. ಹದಿನಾಲ್ಕನೇ ದಿನದ ಭೇಟಿಯನ್ನು ಊರಿನ ಕೊನೇ ಬಸ್ಸೆಂದು ತಿಳಿಯಬೇಕು. ಅದು ತಪ್ಪಿದರೆ ಆಮೇಲೆ ಉಳಿಯುವುದು ಊಹೆ ಮಾತ್ರ.

ಆದರೆ ಇಲ್ಲೊಂದು ತೊಡಕಿದೆ, ಕಾಗದದ ಮೇಲೆ ಕಾಣದ್ದು. ಚೊಚ್ಚಲ ಹೆರಿಗೆ ತವರಿನಲ್ಲಿ. ತಾಯಿ ಕಾರ್ಡು ಮಾಡಿಸಿದ್ದು ಗಂಡನ ಮನೆಯ ಅರಕಲಗೂಡಿನಲ್ಲಿ, ಹೆರಿಗೆ ಹಾಸನದಲ್ಲಿ, ಬಾಣಂತನ ಚನ್ನರಾಯಪಟ್ಟಣದ ಹಳ್ಳಿಯಲ್ಲಿ. ಅರಕಲಗೂಡಿನ ಆಶಾ ‘ಇಲ್ಲಿಲ್ಲ’ ಎಂದು ಬರೆಯುತ್ತಾರೆ, ಚನ್ನರಾಯಪಟ್ಟಣದ ಆಶಾಗೆ ಮಗು ಬಂದಿರುವುದೇ ಗೊತ್ತಿರುವುದಿಲ್ಲ. ಹಾಸನಕ್ಕೆ ಹೆರಿಗೆಗೆ ಬರುವವರಲ್ಲಿ ಕಡೂರು, ಕೆ.ಆರ್. ಪೇಟೆ, ತಿಪಟೂರು ಕಡೆಯವರೂ ಇರುತ್ತಾರೆ. ಅವರು ಜಿಲ್ಲೆಯ ಲೆಕ್ಕದಿಂದಲೇ ಹೊರಗೆ. ಆದ್ದರಿಂದ ‘ರೆಫರ್’ ಆದ ಮಗುವಿನ ರಿಜಿಸ್ಟರಿನಲ್ಲಿ ಆಧಾರ್ ವಿಳಾಸ ಬರೆದರೆ ಪ್ರಯೋಜನವಿಲ್ಲ. ‘ಮುಂದಿನ ಮೂರು ವಾರ ಮಗು ಎಲ್ಲಿರುತ್ತದೆ, ಆ ಮನೆಯಲ್ಲಿ ಯಾರ ಫೋನು ಹತ್ತುತ್ತದೆ’ ಎಂಬುದನ್ನು ಬರೆಯಬೇಕು. ಸಕಲೇಶಪುರ, ಆಲೂರು, ಬೇಲೂರಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಇದು ಇನ್ನೂ ಮುಖ್ಯ. ಹೊರ ರಾಜ್ಯದಿಂದ ಬಂದ ಕುಟುಂಬಗಳು ಹಣ್ಣು ಬಿಡಿಸುವ ಕೆಲಸ ಮುಗಿಯುತ್ತಲೇ ಜಾಗ ಬದಲಿಸುತ್ತವೆ, ಮಲೆನಾಡಿನ ಮಳೆಯಲ್ಲಿ ನೆಟ್‌ವರ್ಕೂ ಇರುವುದಿಲ್ಲ. ಇಂಥ ಕಡೆಯಂತೂ ಸ್ವಾಬನ್ನು ಡಿಸ್ಚಾರ್ಜಿಗೆ ಮೊದಲೇ ತೆಗೆದುಬಿಡಲೇಬೇಕು. ಎರಡನೇ ಓಎಇಗೆ ಕಾಯುವುದು ಬೇಡ. ಒಂದಷ್ಟು ಸ್ವಾಬು ವ್ಯರ್ಥವಾಗುತ್ತವೆ, ಆಗಲಿ.

ಗರ್ಭದ ಮಗುವಿಗೆ ತಗುಲಬಲ್ಲ ಕೆಲವು ಸೋಂಕುಗಳನ್ನು ಒಟ್ಟಿಗೆ ನೋಡುವ ಟಾರ್ಚ್ ಪ್ಯಾನೆಲ್ ಎಂಬ ರಕ್ತಪರೀಕ್ಷೆಯ ಬಗ್ಗೆ ಹೇಳದಿದ್ದರೆ ಈ ಪತ್ರ ಅಪೂರ್ಣ. ಗರ್ಭಿಣಿಗೆ ಅದನ್ನು ಬರೆಯುತ್ತಾರೆ, ‘ಸಿಎಂವಿ ಐಜಿಜಿ ಪಾಸಿಟಿವ್’ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ನೂರಕ್ಕೆ 90ಕ್ಕಿಂತ ಹೆಚ್ಚು ಹೆಂಗಸರಿಗೆ ಅದು ಪಾಸಿಟಿವ್ ಬಂದೇ ಬರುತ್ತದೆ. ಐಜಿಜಿ ಎಂಬ ಪ್ರತಿಕಾಯ ಹಳೆಯ ಸೋಂಕಿನ ಗುರುತು, ಅಷ್ಟೇ. ಹೊಸ ಸೋಂಕಿನ ಗುರುತೆನ್ನುವ ಐಜಿಎಂ ಪಾಸಿಟಿವ್ ಕೂಡ ತಿಂಗಳುಗಟ್ಟಲೆ ಉಳಿಯಬಹುದು, ಸುಳ್ಳಾಗಿಯೂ ಬರಬಹುದು. ಆ ಒಂದು ಚೀಟಿ ಹಿಡಿದು ಗರ್ಭ ತೆಗೆಸುವ ಮಾತಾಡುವುದು ಅನ್ಯಾಯ. ಮಗುವಿನ ರಕ್ತದಲ್ಲಿ ಐಜಿಜಿ ನೋಡುವುದಂತೂ ತಾಯಿಯ ರಕ್ತವನ್ನೇ ಇನ್ನೊಮ್ಮೆ ನೋಡಿದಂತೆ, ಅದು ಮಾಸುವಿನ ಮೂಲಕ ಬಂದದ್ದು. ಐಜಿಎಂ ಸೋಂಕಿರುವ ಎಷ್ಟೋ ಮಕ್ಕಳಲ್ಲಿ ನೆಗೆಟಿವ್ ತೋರಿಸುತ್ತದೆ. ಮಗುವಿಗೆ ಟಾರ್ಚ್ ಮಾಡಿಸಿ ‘ಸಿಎಂವಿ ಇಲ್ಲ’ ಎಂದು ಬರೆಯುವುದನ್ನು ನಿಲ್ಲಿಸಲು ತಮ್ಮ ಒಂದು ಸೂಚನೆ ಸಾಕು.

ಸೋಂಕು ಖಚಿತವಾದ ಮೇಲೆ ಏನು? ಎಲ್ಲರಿಗೂ ಔಷಧ ಬೇಡ. ಲಕ್ಷಣಗಳಿಲ್ಲದೆ, ಕಿವಿ ಚೆನ್ನಾಗಿರುವ ಮಗುವಿಗೆ ಕೊಡುವುದಿಲ್ಲ. ಮಿದುಳು, ಲಿವರ್, ರಕ್ತದಲ್ಲಿ ಸ್ಪಷ್ಟ ತೊಂದರೆ ಕಂಡವರಿಗೆ, ಹಾಗೂ ಬೆರಾದಲ್ಲಿ ಕಿವುಡು ಖಚಿತವಾದವರಿಗೆ ತಜ್ಞರು ವ್ಯಾಲ್‌ಗ್ಯಾನ್ಸಿಕ್ಲೊವಿರ್ ಎಂಬ ವೈರಸ್ ನಿರೋಧಕ ಔಷಧ ಆರಂಭಿಸುತ್ತಾರೆ: ಕಿಲೋ ತೂಕಕ್ಕೆ 16 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಆರು ತಿಂಗಳು. ಮೊದಲ ತಿಂಗಳೊಳಗೆ ಆರಂಭಿಸುವುದು ಸರಿಯಾದ ದಾರಿ. ತಡವಾದವರಿಗೆ 13 ವಾರದವರೆಗೂ ಪರಿಗಣಿಸಬಹುದು ಎಂಬುದು ಯುರೋಪಿನ ತಜ್ಞರ ಈಚಿನ ಅಭಿಪ್ರಾಯ. ಆರು ವಾರಕ್ಕಿಂತ ಆರು ತಿಂಗಳು ಕೊಟ್ಟರೆ ಎರಡು ವರ್ಷದ ಹೊತ್ತಿಗೆ ಕಿವಿ ಮತ್ತು ಭಾಷೆ ತುಸು ಉತ್ತಮವಾಗಿರುತ್ತವೆ ಎಂದು 2015ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ತುಸು ಎಂಬುದನ್ನು ಒತ್ತಿ ಹೇಳುತ್ತೇವೆ. ಹೋದ ಕಿವಿಯನ್ನು ಪೂರಾ ತಂದುಕೊಡುವ ಔಷಧ ಇದಲ್ಲ.

ಇದರಲ್ಲಿ ಎಡವುವುದು ಎಲ್ಲಿ ಎಂದರೆ, ಪ್ರಮಾಣದಲ್ಲಿ. ಮೂರು ಕಿಲೋ ಮಗುವಿಗೆ ಒಂದು ಸಲಕ್ಕೆ 48 ಮಿಲಿಗ್ರಾಂ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮಾತ್ರೆ 450 ಮಿಲಿಗ್ರಾಂ, ಅಂದರೆ ಒಂಬತ್ತು ಪಟ್ಟಿಗೂ ಹೆಚ್ಚು. ಅದನ್ನು ಮನೆಯಲ್ಲಿ ಚಾಕುವಿನಿಂದ ತುಂಡು ಮಾಡಿ, ಚಮಚದಲ್ಲಿ ಅರೆದು ಕೊಡಿ ಎಂದು ಹೇಳುವುದು ಅಪಾಯ. ಪುಡಿ ಗಾಳಿಯಲ್ಲಿ ಹಾರುತ್ತದೆ, ಗರ್ಭಿಣಿಯರು ಮುಟ್ಟಲೇಬಾರದ ಔಷಧವಿದು. ಮಿಲಿಗೆ 50 ಮಿಲಿಗ್ರಾಂ ಇರುವ ದ್ರಾವಣವನ್ನು ಜಿಲ್ಲಾ ಔಷಧ ಉಗ್ರಾಣದ ಮೂಲಕವೇ ತರಿಸಿಡಬೇಕು, ಅಳೆಯಲು ಸೂಜಿಯಿಲ್ಲದ ಸಿರಿಂಜು ಜೊತೆಗೆ. ಮಗು ಬೆಳೆದಂತೆ ಪ್ರಮಾಣ ಏರಬೇಕು. ಮೊದಲ ತಿಂಗಳ ಚೀಟಿಯನ್ನೇ ಐದನೇ ತಿಂಗಳಲ್ಲೂ ಹಿಡಿದುಕೊಂಡು ಬಂದರೆ ಔಷಧ ಹೊಟ್ಟೆಗೆ ಹೋಗಿಯೂ ಹೋಗದಂತೆ. ಸುಮಾರು ಐವರಲ್ಲಿ ಒಬ್ಬ ಮಗುವಿಗೆ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಕುಸಿಯುತ್ತದೆ. ಅದಕ್ಕೆ ಮೊದಲ ಆರು ವಾರ ವಾರಕ್ಕೊಮ್ಮೆ, ಎಂಟನೇ ವಾರ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತ ನೋಡಬೇಕು, ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ. ನ್ಯೂಟ್ರೋಫಿಲ್ 500ಕ್ಕಿಂತ ಇಳಿದರೆ ಔಷಧ ನಿಲ್ಲಿಸಿ, 750 ದಾಟಿದ ಮೇಲೆ ಮುಂದುವರಿಸುತ್ತಾರೆ. ಈ ರಕ್ತಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಿ, ವರದಿ ಫೋನಿನಲ್ಲಿ ವೈದ್ಯರಿಗೆ ತಲುಪುವಂತಿರಬೇಕು. ಪ್ರತಿ ವಾರ ಕೂಸು ಕಟ್ಟಿಕೊಂಡು ಹಾಸನಕ್ಕೆ ಬನ್ನಿ ಎಂದರೆ ಮೂರನೇ ವಾರಕ್ಕೆ ಅವರು ನಿಲ್ಲಿಸುತ್ತಾರೆ, ಅವರನ್ನು ದೂರುವ ಹಾಗಿಲ್ಲ.

ಔಷಧ ತೆಗೆದುಕೊಳ್ಳಲಿ ಬಿಡಲಿ, ಸಿಎಂವಿ ಖಚಿತವಾದ ಪ್ರತಿ ಮಗುವಿನ ಕಿವಿಯನ್ನು ಮೊದಲ ವರ್ಷ 3–6 ತಿಂಗಳಿಗೊಮ್ಮೆ, ಮೂರು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆರು ವರ್ಷದವರೆಗೆ ವರ್ಷಕ್ಕೊಮ್ಮೆ ನೋಡಬೇಕು. ಕಣ್ಣಿನ ಪರದೆಯ ಪರೀಕ್ಷೆಯೂ ಬೇಕು. ಕತ್ತು ನಿಲ್ಲುವುದು, ನಡೆಯುವುದು ತಡವಾದರೆ ಅದು ಕಾಲಿನ ದೋಷವೇ ಆಗಿರಬೇಕಿಲ್ಲ. ಈ ವೈರಸ್ ಒಳಗಿವಿಯ ಸಮತೋಲನದ ಭಾಗವನ್ನೂ ಕೆಡಿಸುತ್ತದೆ, ಅಂಥ ಮಗು ಕತ್ತಲಲ್ಲಿ ಹೆಚ್ಚು ಎಡವುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ ಹೋಗುತ್ತವೆ. ಅವರ ಕೈಗೆ ಈ ಮಕ್ಕಳ ಪಟ್ಟಿ ಸಿಕ್ಕರೆ ಅರ್ಧ ಕೆಲಸ ಆದಂತೆ. ಕಿವಿಯಂತ್ರಕ್ಕೆ, ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ರಾಜ್ಯದ ಶ್ರವಣ ಸಂಜೀವಿನಿ, ಕೇಂದ್ರದ ಅಡಿಪ್ ಯೋಜನೆಗಳಿವೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎರಡು ಮೂರು ಗಂಟೆಯ ದಾರಿ. ಮೂರು ತಿಂಗಳೊಳಗಿನ ಮಗು ತಾನಾಗಿ ನಿದ್ದೆ ಮಾಡಿದಾಗ ಬೆರಾ ಆಗುತ್ತದೆ. ಒಂದು ವರ್ಷದ ಮಗುವಿಗೆ ನಿದ್ದೆಯ ಔಷಧ ಕೊಟ್ಟು ಕಾಯಬೇಕು. ಬೇಗ ಕಳಿಸಲು ಇದೂ ಒಂದು ಕಾರಣ.

ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಒಂದು ಮಾತು. ಸಿಎಂವಿಗೆ ಲಸಿಕೆ ಇಲ್ಲ. ಗರ್ಭಿಣಿಗೆ ಇದು ಬರುವ ಮುಖ್ಯ ದಾರಿ ಮೂರು ವರ್ಷದೊಳಗಿನ ಮಕ್ಕಳ ಜೊಲ್ಲು ಮತ್ತು ಮೂತ್ರ. ಆರೋಗ್ಯವಾಗಿ ಕಾಣುವ ಮಗುವೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ವೈರಸ್ ಹೊರಹಾಕುತ್ತಿರುತ್ತದೆ. ನಮ್ಮ ಮನೆಗಳಲ್ಲಿ ದೊಡ್ಡವರ ಎಂಜಲಿಗೆ ಇರುವ ಕಟ್ಟುನಿಟ್ಟು ಮಕ್ಕಳ ಎಂಜಲಿಗೆ ಇಲ್ಲ. ಮೊದಲ ಮಗು ತಟ್ಟೆಯಲ್ಲಿ ಬಿಟ್ಟ ಎರಡು ತುತ್ತನ್ನು ಎರಡನೇ ಬಸುರಿನ ತಾಯಿ ಬಾಯಿಗೆ ಹಾಕಿಕೊಳ್ಳುತ್ತಾಳೆ, ಅದೇ ಲೋಟದಲ್ಲಿ ಉಳಿದ ಹಾಲು ಕುಡಿಯುತ್ತಾಳೆ. ಆ ಒಂಬತ್ತು ತಿಂಗಳು, ಅದರಲ್ಲೂ ಮೊದಲ ಮೂರು ತಿಂಗಳು, ಇದನ್ನು ಬಿಟ್ಟರೆ ಸಾಕು. ಉಚ್ಚೆ ಬಟ್ಟೆ ಬದಲಿಸಿದ ಮೇಲೆ, ಮೂಗು ಜೊಲ್ಲು ಒರೆಸಿದ ಮೇಲೆ ಸೋಪಿನಿಂದ 20 ಸೆಕೆಂಡು ಕೈ ತೊಳೆಯುವುದು. ಮುತ್ತು ಕೊಡುವುದಾದರೆ ಬಾಯಿಗೆ ಬೇಡ, ನೆತ್ತಿಗೆ ಕೊಡುವುದು. ಸಾಮಾನ್ಯ ಸೋಪಿಗೇ ಈ ವೈರಸ್ ಸಾಯುತ್ತದೆ. ಎದೆಹಾಲು ನಿಲ್ಲಿಸಬೇಕಾಗಿಲ್ಲ, ಮೊದಲ ಮಗುವನ್ನು ದೂರ ಇಡಬೇಕಾಗಿಯೂ ಇಲ್ಲ.

ಗ್ರಾಮ ಪಂಚಾಯಿತಿಗಳ ಕೂಸಿನ ಮನೆಗಳಲ್ಲಿ, ಎಸ್ಟೇಟುಗಳು ನಡೆಸುವ ಶಿಶುಪಾಲನಾ ಮನೆಗಳಲ್ಲಿ ಈ ವಯಸ್ಸಿನ ಮಕ್ಕಳೇ ಸೇರುತ್ತಾರೆ, ನೋಡಿಕೊಳ್ಳುವವರು ಹರೆಯದ ಹೆಂಗಸರು. ಅಲ್ಲಿ ಬೇಕಾದದ್ದು ನೀರು, ಸೋಪು, ಬಾಯಿಗೆ ಹೋಗುವ ಆಟದ ಸಾಮಾನನ್ನು ದಿನಕ್ಕೊಮ್ಮೆ ತೊಳೆಯುವ ಅಭ್ಯಾಸ. ಸಿಎಂವಿ ಇದೆಯೆಂದು ಗೊತ್ತಾದ ಮಗುವನ್ನು ಅಂಗನವಾಡಿಯಿಂದ ಹೊರಗಿಡುವುದು ಮಾತ್ರ ಸಲ್ಲದು. ಪಕ್ಕದಲ್ಲಿ ಕೂತ ಇನ್ನೂ ಮೂರು ಮಕ್ಕಳ ಜೊಲ್ಲಿನಲ್ಲಿ ಅದೇ ವೈರಸ್ ಇರಬಹುದು. ಗೊತ್ತಾದದ್ದು ಈ ಮಗುವಿನದು ಮಾತ್ರ.

21 ದಿನ ದಾಟಿಹೋದ ಮಕ್ಕಳ ತಂದೆತಾಯಿಗಳಿಗೆ: ಖಾಸಗಿ ಆಸ್ಪತ್ರೆಯಲ್ಲಿ ಹುಟ್ಟಿದಾಗ ಹಿಮ್ಮಡಿ ರಕ್ತವನ್ನು ಕಾರ್ಡಿನ ಮೇಲೆ ತೆಗೆದಿದ್ದರೆ ಆ ಕಾರ್ಡು ಉಳಿದಿದೆಯೇ ಕೇಳಿ. ಅದರಲ್ಲಿ ವೈರಸ್ ಸಿಕ್ಕರೆ ಸೋಂಕು ಹುಟ್ಟಿನದೇ. ಸಿಗದಿದ್ದರೆ ಸೋಂಕು ಇರಲಿಲ್ಲ ಎಂದು ಹೇಳಲು ಬರುವುದಿಲ್ಲ, ರಕ್ತದ ಚುಕ್ಕೆಯಲ್ಲಿ ತಪ್ಪಿಹೋಗುವುದು ಹೆಚ್ಚು. ಕಾರಣ ಏನೇ ಇರಲಿ, ಕಿವಿಯಂತ್ರ ಮತ್ತು ಮಾತಿನ ತರಬೇತಿ ಈ ಉತ್ತರಕ್ಕಾಗಿ ಕಾಯಬಾರದು.

ಮಾನ್ಯರೇ, ತಮ್ಮಿಂದ ಕೇಳುತ್ತಿರುವುದು ಒಂದು ಸುತ್ತೋಲೆ. ಅದರಲ್ಲಿ ಇಷ್ಟು ಇದ್ದರೆ ಕೆಲಸ ಶುರುವಾಗುತ್ತದೆ: ‘ಯಾವುದೇ ಕಿವಿಯಲ್ಲಿ ಓಎಇ ರೆಫರ್ ಆದ ಮಗುವಿಗೆ ಡಿಸ್ಚಾರ್ಜಿಗೆ ಮೊದಲು ಜೊಲ್ಲಿನ ಸ್ವಾಬ್ ತೆಗೆಯತಕ್ಕದ್ದು. ಎರಡನೇ ಓಎಇ 14ನೇ ದಿನದೊಳಗೆ ಆಗತಕ್ಕದ್ದು, ಲಸಿಕೆಯ ದಿನಕ್ಕೆ ಮುಂದೂಡತಕ್ಕದ್ದಲ್ಲ. ತಾಯಿ ಕಾರ್ಡಿನಲ್ಲಿ ಬಲಗಿವಿ, ಎಡಗಿವಿ, ಸ್ವಾಬ್ ತೆಗೆದ ತಾರೀಕು ಬರೆಯತಕ್ಕದ್ದು.’ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪ್ರತಿ ತಿಂಗಳು ನಡೆಯುವ ಆಶಾ ಸಭೆಯಲ್ಲಿ ಅರ್ಧ ಗಂಟೆ ಕೊಟ್ಟರೆ ಎಂಟೂ ತಾಲ್ಲೂಕುಗಳಿಗೆ ಬಂದು ಸ್ವಾಬ್ ತೆಗೆಯುವುದನ್ನು, ತಲೆ ಅಳೆಯುವುದನ್ನು ಕೈ ಹಿಡಿದು ತೋರಿಸಲು ನಾವು ಸಿದ್ಧರಿದ್ದೇವೆ. ಸಕಲೇಶಪುರದಿಂದ ಆರಂಭಿಸುವುದು ಒಳ್ಳೆಯದೆಂದು ನಮ್ಮ ಅನಿಸಿಕೆ. ಕೊಯ್ಲಿಗೆ ಬಂದವರು ಊರು ಬಿಡುವ ಮೊದಲು.

ಇಂತಿ ತಮ್ಮ ವಿಶ್ವಾಸಿಗಳು,
ಹಾಸನ ಜಿಲ್ಲೆಯ ಕೆಲವು ಮಕ್ಕಳ ವೈದ್ಯರು, ಶ್ರವಣ ತಜ್ಞರು, ವಾಕ್ ಚಿಕಿತ್ಸಕರು ಮತ್ತು ಶುಶ್ರೂಷಾಧಿಕಾರಿಗಳು